ಮರಿ ದೆವ್ವದ ಪುಸ್ತಕ

ಕೊಲ್ಲಿ ದೇಶದ ಈ ನಗರದಲ್ಲಿ, ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಶುಕ್ರವಾರ ಸಂಜೆ ನಾಲ್ಕಕ್ಕೆ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ನನ್ನ ಮಗಳೂ ಸೇರಿ ಏಳು ಮಕ್ಕಳು, ಎಲ್ಲರೂ ಐದಾರು ವರ್ಷದವರು. ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡಕ್ಕೆ ಉಳಿದದ್ದು ವಾರಕ್ಕೆ ಈ ಒಂದು ಗಂಟೆ. ನಾನು ನೀತಿಕಥೆ ಓದುತ್ತಿದ್ದೆ. ಅವರು ಆಕಳಿಸುತ್ತ ಕಾರ್ಪೆಟ್ಟಿನ ನೂಲು ಕೀಳುತ್ತಿದ್ದರು.

ಕಳೆದ ಅಕ್ಟೋಬರಿನಲ್ಲಿ ಎದುರು ಮನೆಯವರು ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೊರಟರು. ಹೋಗುವ ಮುಂಚೆ ಒಂದು ರಟ್ಟಿನ ಪೆಟ್ಟಿಗೆ ತುಂಬ ಚಿತ್ರಪುಸ್ತಕ ಕೊಟ್ಟರು. ಹೆಚ್ಚಿನವು ಅವರ ದೆವ್ವದ ಹಬ್ಬ ಹ್ಯಾಲೊವೀನಿನವು: ಹಲ್ಲು ಕಿಸಿದ ಕುಂಬಳಕಾಯಿ, ಬಾವಲಿ, ಮಾಟಗಾತಿ. ಒಂದರಲ್ಲಿ ಮರಿ ದೆವ್ವವೊಂದು ಒಣಗಲು ಹಾಕಿದ ಬೆಡ್‌ಶೀಟುಗಳ ನಡುವೆ ಸಿಕ್ಕಿಕೊಂಡು ಅಮ್ಮನನ್ನು ಹುಡುಕುತ್ತದೆ. ಆ ಶುಕ್ರವಾರ ಅದನ್ನೇ ತೆಗೆದೆ. ಚಿತ್ರ ತೋರಿಸುತ್ತ, ಬಾಯಲ್ಲೇ ಕನ್ನಡ ಮಾಡುತ್ತ ಓದಿದೆ. "ಅಮ್ಮಾ, ಎಲ್ಲಿದ್ದೀ?" ಎಂದು ದೆವ್ವ ಕೇಳಿದಾಗಲೆಲ್ಲ ಮಕ್ಕಳು "ಇಲ್ಲಿಲ್ಲ!" ಎಂದು ಕೂಗಿದರು. ಅಲ್ಲಿಯವರೆಗೆ ಒಂದು ಕನ್ನಡ ಶಬ್ದವನ್ನೂ ಆಡದಿದ್ದ ಹುಡುಗಿ ನನ್ನ ಮೊಣಕಾಲು ಹಿಡಿದು, "ಆಂಟಿ, ದೆವ್ವಕ್ಕೂ ಹೆದರಿಕೆ ಆಗ್ತದಾ?" ಎಂದಳು.

ಮರುದಿನ ಅಕ್ಕನ ಫೋನ್ ಬಂತು. ಅಕ್ಕ ಎಂದರೆ ನಮ್ಮ ಊರ ಕಡೆಯ ಹಿರಿಯರು, ಈ ತರಗತಿಯನ್ನು ಶುರು ಮಾಡಿ ನನ್ನ ಕೈಗೆ ಒಪ್ಪಿಸಿದವರು.

"ಎಂತ ಮಾರಾಯ್ತಿ, ಮಕ್ಕಳಿಗೆ ದೆವ್ವದ ಪುಸ್ತಕ ಓದಿದ್ದಿಯಂತೆ?"

"ಹೌದು ಅಕ್ಕ. ಮಕ್ಕಳಿಗೆ ಭಾರೀ ಖುಷಿಯಾಯ್ತು."

"ಅದು ನಮ್ಮದಲ್ಲ. ತಾಯಂದಿರು ಬೇಡ ಅಂತಿದ್ದಾರೆ. ಆ ಪೆಟ್ಟಿಗೆ ಯಾರಿಗಾದರೂ ಕೊಟ್ಟುಬಿಡು. ಖಲಾಸ್."

ಖಲಾಸ್, ಮುಗಿಯಿತು. ಈ ದೇಶಕ್ಕೆ ಬಂದ ಮೇಲೆ ಆ ಶಬ್ದಕ್ಕೆ ಎಷ್ಟೋ ಸಲ ತಲೆ ತಗ್ಗಿಸಿದ್ದೇನೆ. ಅವತ್ತು ತಗ್ಗಿಸಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: "ಈ ಶುಕ್ರವಾರವೂ ದೆವ್ವದ ಪುಸ್ತಕವೇ. ಇಷ್ಟ ಇದ್ದವರು ಮಕ್ಕಳನ್ನು ಕಳಿಸಿ."

"ಸುಮ್ಮನೆ ಎಲ್ಲರ ಹತ್ತಿರ ಜಗಳ ಯಾಕೆ?" ಎಂದರು ನನ್ನ ಗಂಡ.

"ನಾನು ಜಗಳ ಮಾಡ್ತಾ ಇಲ್ಲ. ಪುಸ್ತಕ ಓದ್ತಾ ಇದ್ದೇನೆ."

ಶುಕ್ರವಾರ ನನ್ನ ಮಗಳಲ್ಲದೆ ಮೂವರು ಮಕ್ಕಳು ಬಂದರು. ಅವರ ಹಿಂದೆಯೇ ಅಕ್ಕ ಬಂದು, "ಓದು ನೋಡುವ," ಎಂದು ಕುರ್ಚಿ ಎಳೆದು ಕುಳಿತರು. ಒಂದು ಸಾಲೂ ಬಿಡದೆ ಓದಿದೆ. ದೆವ್ವದ ದನಿಯನ್ನು ಬೇಕೆಂದೇ ಇನ್ನಷ್ಟು ಎಳೆದೆ.

ಮಕ್ಕಳು ಬನ್ಸ್ ತಿನ್ನಲು ಒಳಗೆ ಓಡಿದ ಮೇಲೆ ಅಕ್ಕನಿಗೆ ಹೇಳಿದೆ: "ಊರಲ್ಲಿ ನವರಾತ್ರಿಗೆ ಮನೆಮನೆಗೆ ವೇಷ ಹಾಕಿ ಬರ್ತಿದ್ದರಲ್ಲ, ನಮ್ಮ ಮನೆಗೆ ಕರಡಿ ವೇಷ ಬರ್ತಿತ್ತು. ನಾನು ಮಂಚದ ಅಡಿ ಸೇರ್ತಿದ್ದೆ. ಒಂದು ವರ್ಷ ಅಜ್ಜಿ ನನ್ನನ್ನು ಎಳೆದು ತಂದು, ಕೈಗೆ ನೀರಿನ ಚೊಂಬು ಕೊಟ್ಟು ಕರಡಿಯ ಮುಂದೆ ನಿಲ್ಲಿಸಿದ್ರು. ಅದು ಮುಖವಾಡ ಎತ್ತಿ ಗಟಗಟ ಕುಡಿಯಿತು. ನೋಡಿದರೆ ಒಳಗೆ ಬೆವರಿಳಿಯುವ ಮನುಷ್ಯ! ಆಮೇಲೆ ನಾನು ಮಂಚದ ಅಡಿ ಹೋಗಲಿಲ್ಲ. ಇಲ್ಲಿ ಈ ಮಕ್ಕಳ ಬಾಗಿಲಿಗೆ ಯಾವ ಕರಡಿ ಬರ್ತದೆ ಅಕ್ಕ?"

"ಅದು ದೇವರ ಹೆಸರಿನಲ್ಲಿ ಹಾಕುವ ವೇಷ. ಎರಡೂ ಒಂದಲ್ಲ."

"ಒಂದಲ್ಲ, ಒಪ್ಪಿದೆ. ಆದರೆ ನಾನು ಓದುವುದು ಬಿಡುವುದಿಲ್ಲ. ಇದನ್ನು ನಿಮ್ಮ ತರಗತಿ ಅಂತ ಕರೆಯುವುದು ಬೇಡ ಅಂದರೆ ಬೇಡ. ಮನೆ ನನ್ನದು."

ಅಕ್ಕ ಚಹಾ ಮುಟ್ಟದೆ ಎದ್ದು ಹೋದರು. ಬೇರೆ ಮನೆಯಲ್ಲಿ ತರಗತಿ ತೆರೆದರು. ನಮ್ಮ ಏಳು ಮಕ್ಕಳಲ್ಲಿ ಮೂವರು ಅಲ್ಲಿಗೆ ಹೋದರು. ಎದುರಾದಾಗ ಇಬ್ಬರೂ ನಗುತ್ತೇವೆ, ಊಟವಾಯಿತಾ ಎಂದು ಕೇಳುತ್ತೇವೆ, ಅಷ್ಟೇ. ನನಗೆ ನೋವಿದೆ. ಪಶ್ಚಾತ್ತಾಪ ಇಲ್ಲ.

ಪೆಟ್ಟಿಗೆ ಯಾರಿಗೂ ಕೊಡಲಿಲ್ಲ. ಮುಂದಿನ ವಾರ ಮಾಟಗಾತಿಯ ಪುಸ್ತಕ ತೆಗೆದು, ಅವಳು ಯಾವುದರ ಮೇಲೆ ಕೂತು ಹಾರುತ್ತಾಳೆ ಎಂದು ಕೇಳಿದೆ. "ಬ್ರೂಮ್!" ಎಂದರು. "ಹಿಡಿಸೂಡಿ," ಎಂದೆ. ಮೂರು ದಿನದ ಮೇಲೆ ಮಕ್ಕಳಲ್ಲೊಬ್ಬಳ ತಂದೆ ಲಿಫ್ಟಿನಲ್ಲಿ ಸಿಕ್ಕಿ, "ನಮ್ಮವಳು ಈಗ ವ್ಯಾಕ್ಯೂಮ್ ಕ್ಲೀನರಿಗೂ ಹಿಡಿಸೂಡಿ ಅಂತಾಳೆ ಮಾರಾಯ್ರೆ," ಎಂದು ನಕ್ಕರು. "ಎಂತ ಓದಿಸ್ತೀರಿ ನೀವು?"

"ದೆವ್ವ, ಮಾಟಗಾತಿ," ಎಂದೆ, ದನಿ ತಗ್ಗಿಸದೆ. ಲಿಫ್ಟಿನಲ್ಲಿ ನಮ್ಮ ಊರ ಕಡೆಯವರೇ ಇನ್ನೂ ನಾಲ್ಕು ಜನರಿದ್ದರು.