ರೈಲು ಹತ್ತದೆ ಕೂತ ಅಮ್ಮ

ಅಮ್ಮ ತೀರಿಕೊಂಡ ಮೇಲೆ ಗೌರಿಬಿದನೂರಿನ ನಮ್ಮ ಮನೆಯ ಟಿ.ವಿ.ಗೆ ಹೊದಿಸಿದ ಹೂವಿನ ಬಟ್ಟೆಯನ್ನು ಬಹಳ ತಿಂಗಳು ಯಾರೂ ಸರಿಸಲಿಲ್ಲ. ಸೂತಕದ ದಿನಗಳಲ್ಲಿ ಅಪ್ಪ ಕೇಳಿಕೊಂಡರೆಂದು ನಾನು ಮಧ್ಯಾಹ್ನ ಪುರಾಣ ಓದುತ್ತಿದ್ದೆ. ಸತ್ತವರ ಜೀವ ವರ್ಷವಿಡೀ ಹಸಿದು, ಬಾಯಾರಿ, ಮನೆಯ ಕಡೆ ತಿರುತಿರುಗಿ ನೋಡುತ್ತ ನಡೆಯುವುದೆಂದೂ, ಉಳಿದವರು ಸುರಿಸಿದ ಕಣ್ಣೀರನ್ನು ಅದು ಕುಡಿಯಲೇಬೇಕಾಗುವುದೆಂದೂ ಅದರಲ್ಲಿತ್ತು. ಹತ್ತಿರದವರನ್ನು ಕಳೆದುಕೊಂಡಿದ್ದರೆ ನೀವೂ ಬಲ್ಲಿರಿ: ಓದುವಾಗ ನಂಬದ ಮಾತು, ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆನ್ನ ಹಿಂದೆ ಬಂದು ನಿಂತಿರುತ್ತದೆ.

ವರ್ಷದ ತಿಥಿ ಹತ್ತಿರ ಬಂದಾಗ ಚಿಂತಾಮಣಿಯಿಂದ ತಂಗಿ ಸುಧಾ ಬಂದಳು. "ಸಾಕು ಕಣಕ್ಕ, ಮನೇಲಿ ಉಸಿರು ಕಟ್ದಂಗಾಗುತ್ತೆ" ಎಂದು ಬಟ್ಟೆ ಕಿತ್ತು, ಹೊಸದೊಂದು ದೆವ್ವದ ಸಿನಿಮಾ ಹಾಕಿದಳು. ನಾಯಕಿ ಯಾವುದೋ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಳು. ಫಲಕದ ಮೇಲೆ ಬೇರೆ ಊರಿನ ಹೆಸರಿದ್ದರೂ ಅದು ಅಮ್ಮನ ತವರಾದ ತೊಂಡೇಬಾವಿಯೆಂದು ಇಬ್ಬರಿಗೂ ತಿಳಿಯಿತು. ನಾಯಕಿಯ ಹಿಂದಿನ ಬೆಂಚಿನ ಮೇಲೆ ತಲೆಗೆ ಸೆರಗು ಹೊದ್ದ ಹೆಂಗಸೊಬ್ಬಳು ಎಡ ಮಂಡಿಯನ್ನು ಉಜ್ಜಿಕೊಳ್ಳುತ್ತಿದ್ದಳು. ಆಮೇಲೆ ತಲೆಯೆತ್ತಿ ನೇರ ನಮ್ಮನ್ನೇ ನೋಡಿದಳು.

"ಅಕ್ಕಾ, ಅಮ್ಮ ಕಣೇ!" ಸುಧಾ ಚೀರಿ ಸಿನಿಮಾ ನಿಲ್ಲಿಸಿದಳು.

ಒಳಗಿಂದ ಬಂದ ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ. "ಇದ್ದಾಗ್ಲೇ ಹೇಳಿದ್ಲು. ತವರಿಂದ ಬರೋವಾಗ ಶೂಟಿಂಗ್ ನಡೀತಿತ್ತಂತೆ. ಅಲ್ಲೇ ಕೂತಿರಮ್ಮ ಅಂದ್ರಂತೆ." ಎಲ್ಲಕ್ಕೂ ಕಾರಣ ಸಿಕ್ಕಿತು; ಆದರೆ ನನ್ನ ತೋಳಿನ ಮೇಲೆ ಎದ್ದ ಕೂದಲು ಇಳಿಯಲಿಲ್ಲ.

ಅಂದಿನಿಂದ ಅಪ್ಪ ಪ್ರತಿ ಮಧ್ಯಾಹ್ನ ಕುರ್ಚಿಯನ್ನು ಟಿ.ವಿ.ಗೆ ಅಂಟಿಸಿಕೊಂಡು ಕೂರತೊಡಗಿದರು. ಅದೊಂದೇ ದೃಶ್ಯ, ದೂರದಲ್ಲಿ ರೈಲಿನ ಕೂಗು ಕೇಳುವ ಮೊದಲೇ ಮತ್ತೆ ಹಿಂದಕ್ಕೆ ಓಡಿಸುತ್ತಿದ್ದರು. "ಮಂಡಿ ನೋವಾ? ಎಣ್ಣೆ ಹಚ್ಕೋ ಅಂದ್ರೆ ಎಲ್ಲಿ ಕೇಳ್ತೀಯ" ಎಂದು ಮೆಲ್ಲಗೆ ಮಾತಾಡುತ್ತಿದ್ದರು. ತಟ್ಟೆಯಲ್ಲಿ ಮುದ್ದೆ ಆರಿಹೋಗುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ವಿಚಿತ್ರವಾದ ಯೋಚನೆ ಬರತೊಡಗಿತು. ದೇಹ ಬಿದ್ದರೂ ಜೀವ ನಡೆಯುತ್ತದೆ ಎನ್ನುತ್ತದೆ ಪುರಾಣ. ಸಿನಿಮಾವಾದರೋ ಜೀವವಿಲ್ಲದ ನೆರಳನ್ನು ಹಿಡಿದು ಕೂರಿಸಿಕೊಳ್ಳುತ್ತದೆ. ಇವೆರಡರ ನಡುವೆ ಎಲ್ಲೋ ಅಮ್ಮ ಸಿಕ್ಕಿಹಾಕಿಕೊಂಡಿದ್ದಳೇ? ದಿನ ಕಳೆದಂತೆ ಅವಳ ನೋಟ ಕೊಂಚ ಹೆಚ್ಚು ಹೊತ್ತು ನಮ್ಮ ಮೇಲೆ ನಿಲ್ಲುತ್ತಿದೆಯೆಂದು, ಹೆಚ್ಚು ದಣಿದಿದೆಯೆಂದು ನನಗನ್ನಿಸುತ್ತಿತ್ತು. ಹೀಗೆಂದು ಸುಧಾಳಿಗೆ ಹೇಳಲಿಲ್ಲ. ಅವಳೇ ಒಂದು ದಿನ, "ಅಕ್ಕ, ಅಮ್ಮ ಮೊದಲು ಇಷ್ಟೊತ್ತು ನೋಡ್ತಿರ್ಲಿಲ್ಲ ಅಲ್ವಾ?" ಎಂದಳು.

ತಿಥಿಯ ದಿನ ಮಾಳಿಗೆಯ ಮೇಲಿಟ್ಟ ಎಡೆಗೆ ಕಾಗೆ ಬರಲಿಲ್ಲ. ಬಿಸಿಲು ನೆತ್ತಿಗೇರಿತು, ಪುರೋಹಿತರು ಗಡಿಯಾರ ನೋಡಿ ಎದ್ದು ಹೋದರು. ಅಪ್ಪ ಮಾತ್ರ ಕೈಮುಗಿದು ಆಕಾಶ ನೋಡುತ್ತ ನಿಂತೇ ಇದ್ದರು. ನಾನು ಹತ್ತಿರ ಹೋಗಿ, "ಅಪ್ಪ, ಅಮ್ಮನ್ನ ನಾವೇ ಕೂರಿಸ್ಕೊಂಡಿದೀವೇನೋ. ಇವತ್ತು ಬಿಟ್ಬಿಡಣ" ಎಂದೆ.

ಅವರು ಮುಗಿದ ಕೈ ಇಳಿಸಿ ಎಂದರು: "ನೀನೇ ಹಾಕಮ್ಮ. ನಾನು ಹೇಳಿದ್ರೂ ನಿಲ್ಲಿಸ್ಬೇಡ."

ಮೂವರೂ ಕೂತೆವು. ಅಮ್ಮ ಮಂಡಿ ಉಜ್ಜಿಕೊಂಡಳು, ತಲೆಯೆತ್ತಿದಳು, ನೋಡಿದಳು. ಅಪ್ಪನ ಕೈ ರಿಮೋಟಿನತ್ತ ಚಾಚಿತು. ಸುಧಾ ಅದನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು. ರೈಲು ಕೂಗಿತು. ಜನ ಎದ್ದು ನುಗ್ಗಿ ಬೆಂಚನ್ನು ಮರೆಮಾಡಿದರು. ರೈಲು ಹೋದ ಮೇಲೆ ನೋಡಿದರೆ ಬೆಂಚು ಖಾಲಿ.

"ಹತ್ತಿದ್ಲಾ?" ಅಪ್ಪ ಕೇಳಿದರು.

"ಹತ್ತಿದ್ಲಪ್ಪ" ಎಂದೆ. ಅವಳು ಹತ್ತಿದ್ದನ್ನು ನಾನು ನೋಡಿರಲಿಲ್ಲ.

"ಕೂರಕ್ಕೆ ಜಾಗ ಸಿಕ್ಕಿದ್ರೆ ಸಾಕು" ಎಂದು ಅವರು ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡರು. ಸಿನಿಮಾ ಆರಿಸಲು ಹೋದೆ. "ಇರ್ಲಿ ಬಿಡಮ್ಮ, ಮುಂದೇನಾಗುತ್ತೆ ನೋಡಣ" ಎಂದರು.

ಬರಿದಾದ ಪ್ಲಾಟ್‌ಫಾರ್ಮಿನ ಮೇಲೆ ನಾಯಕಿ ಒಬ್ಬಳೇ ನಡೆಯತೊಡಗಿದಳು. ಅವಳ ಹೆಜ್ಜೆಯ ಹಿಂದೆಯೇ ಇನ್ನೊಂದು ಹೆಜ್ಜೆಯ ಸದ್ದು ಕೇಳಿತು. ಸುಧಾ ನನ್ನ ಪಕ್ಕಕ್ಕೆ ಸರಿದು ಕೂತಳು. ನಾವು ಯಾರೂ ಕಣ್ಣು ಮುಚ್ಚಲಿಲ್ಲ.