ತಕ್ಕಡಿಯಕ್ಕನ ಕೂಗು

ನನ್ನ ಗಂಡನ ಅಕ್ಕನನ್ನು ಹಳೇ ಮಾರುಕಟ್ಟೆಯವರೆಲ್ಲ ತಕ್ಕಡಿಯಕ್ಕ ಎಂದೇ ಕರೆಯುತ್ತಾರೆ. ಅಲ್ಲಿ ಕಲ್ಲಿನ ಕಮಾನುಗಳ ನಡುವೆ ಒಂದು ಕಟ್ಟೆ, ಕಟ್ಟೆಯ ಮೇಲೆ ಆಳೆತ್ತರದ ತಕ್ಕಡಿ. ಯಾವ ಅಂಗಡಿಯ ತೂಕದ ಮೇಲೆ ಅನುಮಾನ ಬಂದರೂ ಗಿರಾಕಿ ಚೀಲವನ್ನು ಅಲ್ಲಿಗೆ ತರಬಹುದು. ಇವರು ತೂಗಿ, ಎಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತಾರೆ. ಮೋಸವಾಗಿದ್ದರೆ ಆ ಅಂಗಡಿಗೆ ಬೀಗ. ಮನೆಯಲ್ಲೂ ಅದೇ ಗಂಟಲು. "ಉಪ್ಪು ಕಡಿಮೆ!" ಎಂದರೆ ಬೀದಿ ಕೊನೆಗೆ ಕೇಳುತ್ತಿತ್ತು. ಸುಳ್ಳೇಕೆ, ನನಗೆ ಅವರೆಂದರೆ ಅಷ್ಟಕ್ಕಷ್ಟೆ.

ನಮ್ಮವರು ಅದೇ ಮಾರುಕಟ್ಟೆಯಲ್ಲಿ ಒಣದ್ರಾಕ್ಷಿ, ಬಾದಾಮಿಯ ಅಂಗಡಿ ತೆರೆದ ದಿನ ಮಕ್ಕಳನ್ನೂ ಅತ್ತೆಯನ್ನೂ ಕರೆದುಕೊಂಡು ಹೋದೆ. ಅತ್ತೆ ಒಂದು ಕಬ್ಬಿಣದ ತೂಕದ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತಂದು, ಇದರಲ್ಲೇ ತೂಗು ಎಂದು ಮಗನ ಕೈಗಿಟ್ಟರು. ಮಾವನ ಕಾಲದ್ದು. ಮಾವ ಹೋದ ಮೇಲೆ ಅದು ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಜಜ್ಜಿ, ಬಾದಾಮಿ ಒಡೆದು ಒಂದು ಮೂಲೆ ಮುರಿದುಕೊಂಡಿತ್ತು.

"ಅದನ್ನ ಪಕ್ಕಕ್ಕಿಡ್ರೀ, ಹೊಸದು ಇದೆಯಲ್ಲ," ಎಂದು ನಮ್ಮವರ ಕಿವಿಯಲ್ಲಿ ಪಿಸುಗುಟ್ಟಿದೆ.

"ಇವತ್ತೊಂದು ದಿನ ಕಣೇ. ಅಮ್ಮ ನೋಡ್ತಾ ಇದ್ದಾಳೆ."

ನನಗೆ ಮೈಯೆಲ್ಲ ಉರಿಯಿತು. ಅಮ್ಮನ ಮುಂದೆ ಈ ಮನುಷ್ಯನಿಗೆ ನಾಲಿಗೆಯೇ ಇರುವುದಿಲ್ಲ!

ಮೊದಲ ಗಿರಾಕಿ ಒಬ್ಬ ದರ್ಜಿ. ದ್ರಾಕ್ಷಿ ಕಟ್ಟಿಸಿಕೊಂಡ, ಆ ಮುರುಕು ಕಲ್ಲನ್ನು ನೋಡಿದ, ನೇರ ಕಟ್ಟೆಯ ಕಡೆ ನಡೆದ. ಎಲ್ಲರೂ ಅವನ ಹಿಂದೆಯೇ ಓಡಿದೆವು.

"ಯಾವ ಅಂಗಡಿ?" ಎಂದರು ತಕ್ಕಡಿಯಕ್ಕ.

"ನಿಮ್ಮ ತಮ್ಮಂದೇ."

ಅವರು ಪೊಟ್ಟಣ ಇಟ್ಟರು. ದ್ರಾಕ್ಷಿಯ ತಟ್ಟೆ ಮೇಲೆಯೇ ಉಳಿಯಿತು. ತೆಗೆದು ಇನ್ನೊಮ್ಮೆ ಇಟ್ಟರು. ಆಗಲೂ ಕೆಳಗಿಳಿಯಲಿಲ್ಲ. ಒಂದೇ ಒಂದು ಸಲ ಸುಳ್ಳು ಹೇಳಿ ಅತ್ತಿಗೆ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆ ಅಂಗಡಿ ಹೋದರೆ ನಾವು ಬೀದಿಗೆ ಬಿದ್ದಂತೆ.

"ನನ್ನ ತಮ್ಮನ ಅಂಗಡಿ! ತೂಕ ಕಡಿಮೆ!"

ಕೂಗಿ ತಮ್ಮನ ಕಡೆ ತಿರುಗಿದರು. "ಯಾಕೋ ಹೀಗ್ಮಾಡ್ದೆ?"

"ತಪ್ಪು ನಂದೇ," ಎಂದು ನಮ್ಮವರು ತಲೆ ತಗ್ಗಿಸಿದರು. ಕಲ್ಲಿನ ವಿಷಯ ಹೇಳಲು ನಾನು ಬಾಯಿ ತೆರೆದೆ. ಅವರು ನನ್ನ ಕೈಯನ್ನು ನೋಯುವಂತೆ ಅದುಮಿದರು. ಮಾರುಕಟ್ಟೆಯ ಕಾವಲುಗಾರ ಬೀಗ ಹಿಡಿದು ಬಂದ. ಮಕ್ಕಳು ನನ್ನನ್ನು ಅಂಟಿಕೊಂಡು ನಿಂತವು.

ಅಷ್ಟರಲ್ಲಿ ಅತ್ತೆ ಅಂಗಡಿಗೆ ಹೋಗಿ ಕಲ್ಲನ್ನು ಎತ್ತಿಕೊಂಡು ಬಂದಿದ್ದರು. ಏದುಸಿರು ಬಿಡುತ್ತ ಕಟ್ಟೆ ಹತ್ತಿದರು.

"ಇದನ್ನ ತೂಗು."

"ಅಮ್ಮಾ, ಬೇಡಮ್ಮಾ. ಇಷ್ಟು ಜನರ ಮುಂದೆ..."

"ತೂಗು ಅಂದ್ನಲ್ಲ. ಕೊಟ್ಟವಳು ನಾನು, ಮುರಿದವಳೂ ನಾನೇ. ಅವನು ನನ್ನ ಮುಖ ನೋಡಿ ಸುಮ್ಮನಿದ್ದಾನೆ."

ತಕ್ಕಡಿಯಕ್ಕ ತೂಗಿದರು. "ಅಮ್ಮನ ಕಲ್ಲು ಕಡಿಮೆ," ಎಂದರು. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

ದರ್ಜಿಗೆ ಮಾತ್ರ ಅರ್ಥವಾಯಿತು. "ಇದು ಮೋಸ ಅಲ್ಲ ಬಿಡಿ. ನನ್ನ ತೂಕ ಸರಿಮಾಡಿ ಕೊಟ್ರೆ ಸಾಕು," ಎಂದ. ಕಾವಲುಗಾರ ಬೀಗವನ್ನು ಜೇಬಿಗೆ ಹಾಕಿಕೊಂಡ. ಸದ್ಯ, ಹೋದ ಜೀವ ಬಂದಂತಾಯಿತು. ಅತ್ತೆಯ ಕೈ ಹಿಡಿದು ಕೆಳಗಿಳಿಸಲು ಹೋದೆ. ಅವರು ಕದಲಲಿಲ್ಲ.

"ನನ್ನ ಮಗನ ಹೆಸರು ಆ ಮೂಲೆಯವರೆಗೂ ಕೇಳಿಸ್ತು," ಎಂದರು ಮಗಳಿಗೆ. "ನಂದೂ ಅಷ್ಟೇ ಗಟ್ಟಿಯಾಗಿ ಕೂಗು."

ಅತ್ತಿಗೆ ಕಣ್ಣೊರೆಸಿಕೊಂಡು ಕೂಗಿದರು.