ಹಿತ್ತಾಳೆ ಫಿರಂಗಿ

ಉರಿಗಾಂ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದಾಗ, ಊಟದ ಬಿಡುವಿನಲ್ಲಿ ಮೊಳದುದ್ದದ ಮರದ ಯುದ್ಧನೌಕೆ ಮಾಡುತ್ತಿದ್ದೆ. ಅದಕ್ಕೆ ಹಿತ್ತಾಳೆ ಫಿರಂಗಿಗಳನ್ನು ಅರದಲ್ಲಿ ಉಜ್ಜಿದ ದಿನ ಕೈ ತೊಳೆಯುವುದು ಮರೆತೆ. ಗೇಟಿನಲ್ಲಿ ಚಿನ್ನಕ್ಕಾಗಿ ನಮ್ಮ ಮೈ ತಡವುವ ಕಾವಲುಗಾರ ನನ್ನ ಕೈ ಹಿಡಿದವನು ಬಿಡಲೇ ಇಲ್ಲ. ಉಗುರಿನ ಸಂದಿಯಲ್ಲೆಲ್ಲ ಹಳದಿ ಪುಡಿ ಮಿನುಗುತ್ತಿತ್ತು.

"ಏನ್ಲಾ ಇದು?"

"ಹಿತ್ತಾಳೆ ಅಣ್ಣ. ಹಡಗು ಮಾಡ್ತಿದೀನಿ."

"ಇಲ್ಲಿ ಸಮುದ್ರ ಎಲ್ಲೈತೆ?"

ಕೆಲಸವೂ ಹೋಯಿತು, ಜೈಲೂ ಆಯಿತು ಅಂದುಕೊಂಡೆ. ಚೀಲದಿಂದ ಹಡಗು ತೆಗೆಯುವಾಗ ಅದರ ಬಾಯಿಗೆ ತಗುಲಿ ಒಂದು ಫಿರಂಗಿ ಕಳಚಿಬಿತ್ತು. ಅವನು ಅದನ್ನು ಹೆಕ್ಕಿ, ಕಲ್ಲಿಗೆ ತಿಕ್ಕಿ, ಮೂಸಿ ನೋಡಿದ.

"ಹಿತ್ತಾಳೇನೇ. ಓಗು."

ರೈಲು ಬಂಗಾರಪೇಟೆ ಮುಟ್ಟುವವರೆಗೂ ಉಗುರಿನ ಸಂದಿಯ ಪುಡಿ ಕೆರೆದು ತೆಗೆಯುತ್ತಲೇ ಇದ್ದೆ. ಹಿತ್ತಾಳೆ ಯಾರದು ಅಂತ ಅವನೂ ಕೇಳಲಿಲ್ಲ. ಗಣಿಯದೇ ಅಂತ ನಾನೂ ಹೇಳಲಿಲ್ಲ.